ಮೊದಲ ಪುಲ್-ಅಪ್: ಏರಲು ಆಗದವರು ಇಳಿಯುವುದರಿಂದ ಶುರು ಮಾಡಿ

ತಲೆಯ ಮೇಲಿನ ಅಡ್ಡ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ನೆಲದಿಂದ ಬಿಡಿಸಿ, ಗಲ್ಲ ಪೈಪಿನ ಮೇಲೆ ಬರುವವರೆಗೆ ಮೈಯನ್ನು ಎಳೆಯುವುದು. ಪುಲ್-ಅಪ್ ಅಂದರೆ ಇಷ್ಟೇ. ಸೇನಾ ಭರ್ತಿಗೆ ತಯಾರಿ ಮಾಡುವ ಹುಡುಗರು ಇದನ್ನು 'ಬೀಮ್' ಅನ್ನುತ್ತಾರೆ. ಹೇಳಲಿಕ್ಕೆ ಸುಲಭ. ಆದರೆ ಶಾಲೆ ಬಿಟ್ಟು ಹತ್ತು ಹದಿನೈದು ವರ್ಷ ಆದವರು ಒಮ್ಮೆ ಪ್ರಯತ್ನಿಸಿ ನೋಡಲಿ. ಮೊಣಕೈ ಸ್ವಲ್ಪ ಮಡಚುತ್ತದೆ, ಕಾಲು ಗಾಳಿಯಲ್ಲಿ ಒದ್ದಾಡುತ್ತದೆ, ಅಷ್ಟರಲ್ಲಿ ಕೈ ಜಾರುತ್ತದೆ. 'ಇದೆಲ್ಲ ನಮ್ಮಿಂದ ಆಗಲ್ಲ ಮಾರಾಯ್ರೆ' ಅಂತ ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಬಿಡುವ ಅಗತ್ಯ ಇಲ್ಲ. ಒಂದೂ ಪುಲ್-ಅಪ್ ಬಾರದವರು ಮಾಡುವ ಸಾಮಾನ್ಯ ತಪ್ಪು ಎಂದರೆ ಸೊನ್ನೆಯಿಂದ ಒಂದಕ್ಕೆ ಒಂದೇ ನೆಗೆತದಲ್ಲಿ ಹೋಗಲು ನೋಡುವುದು. ಸೊನ್ನೆ ಮತ್ತು ಒಂದರ ನಡುವೆ ಕೆಲವು ಮೆಟ್ಟಿಲುಗಳಿವೆ. ಅವನ್ನು ಒಂದೊಂದಾಗಿ ಹತ್ತಿದರೆ ಮೂವತ್ತು, ನಲವತ್ತು ವಯಸ್ಸಿನಲ್ಲೂ ಮೊದಲ ಪುಲ್-ಅಪ್ ಸಾಧ್ಯ. ಅದಕ್ಕೆ ದುಬಾರಿ ಜಿಮ್ ಬೇಡ. ಬೇಕಾದದ್ದು ಗಟ್ಟಿಯಾದ ಒಂದು ಪೈಪು ಮತ್ತು ತಾಳ್ಮೆ.

ಇದರಿಂದ ಏನು ಪ್ರಯೋಜನ?

ಮೊದಲು ಯುವಕರ ವಿಷಯ. 2022ರಲ್ಲಿ ಅಗ್ನಿಪಥ್ ಯೋಜನೆ ಬಂದ ಮೇಲೆ ಸೇನಾ ಭರ್ತಿಯ ಬಗ್ಗೆ ಊರೂರಲ್ಲಿ ಮಾತಾಯಿತು. ಜನರಲ್ ಡ್ಯೂಟಿ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟಕ್ಕೆ ಹೆಚ್ಚೆಂದರೆ 60 ಅಂಕ, ಬೀಮ್‌ಗೆ ಹೆಚ್ಚೆಂದರೆ 40 ಅಂಕ ಎಂಬ ಲೆಕ್ಕ ಇದೆ. 10 ಪುಲ್-ಅಪ್ ತೆಗೆದರೆ 40 ಅಂಕ, 9ಕ್ಕೆ 33, 8ಕ್ಕೆ 27, 7ಕ್ಕೆ 21, 6ಕ್ಕೆ 16. ಆರಕ್ಕಿಂತ ಕಡಿಮೆಯಾದರೆ ಮನೆಗೆ. ಹತ್ತು ಮತ್ತು ಎಂಟರ ನಡುವೆ 13 ಅಂಕಗಳ ಅಂತರ ಇದೆ ಎಂಬುದನ್ನು ಗಮನಿಸಿ. ಓಟದ ಅಭ್ಯಾಸಕ್ಕೆ ರಸ್ತೆ ಸಾಕು, ಹಾಗಾಗಿ ಎಲ್ಲರೂ ಓಡುತ್ತಾರೆ. ಬೀಮ್ ಅನ್ನು 'ಆಮೇಲೆ ನೋಡುವ' ಎಂದು ಬಿಟ್ಟವರು ಓಟ ಗೆದ್ದ ಮೇಲೆ ಅಲ್ಲಿ ಸಿಕ್ಕಿಬೀಳುತ್ತಾರೆ. ಅರ್ಜಿ ಹಾಕುವವರು ಆಯಾ ವರ್ಷದ ಅಧಿಸೂಚನೆಯನ್ನು ಓದಿಕೊಳ್ಳಬೇಕು. ಆದರೆ ಒಂದು ಮಾತು ನೆನಪಿರಲಿ: ಕೊನೆಯ ಒಂದು ತಿಂಗಳಲ್ಲಿ ಸೊನ್ನೆಯಿಂದ ಹತ್ತಕ್ಕೆ ಹೋಗುವುದು ಯಾರಿಗೂ ಸುಲಭವಲ್ಲ.

ಭರ್ತಿಯ ವಯಸ್ಸು ದಾಟಿದವರಿಗೆ ಇನ್ನೂ ದೊಡ್ಡ ಕಾರಣ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದು ಅಂದಾಜಿಸಿತ್ತು. ನಮ್ಮ ಮನೆಗಳಲ್ಲೂ ಕಥೆ ಬೇರೆ ಇಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ಬಹುಪಾಲನ್ನು ಇನ್ಸುಲಿನ್ ತಳ್ಳುವುದು ಸ್ನಾಯುಗಳೊಳಗೆ. ಸ್ನಾಯು ಕರಗಿದರೆ ಸಕ್ಕರೆ ಇಡಲು ಗೋದಾಮೇ ಸಣ್ಣದಾದಂತೆ. ಮೂವತ್ತರ ನಂತರ ಬಳಸದ ಸ್ನಾಯು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಬೆಳಗ್ಗೆ ವಾಕಿಂಗ್ ಹೋದೆ, ಸಾಕು ಅನ್ನುವವರು ಅರ್ಧ ಕೆಲಸ ಮಾಡಿದ್ದಾರೆ ಅಷ್ಟೆ.

ಕೈಹಿಡಿತದ ಬಗ್ಗೆಯೂ ಒಂದು ದೊಡ್ಡ ಅಧ್ಯಯನ ಇದೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ವರದಿಯ ಪ್ರಕಾರ, ಹಿಡಿತದ ಬಲ 5 ಕೆ.ಜಿ. ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಶೇ. 16 ಹೆಚ್ಚು ಕಂಡಿತು. ಹಿಡಿತ ಗಟ್ಟಿ ಮಾಡಿದ ಕೂಡಲೇ ಆಯುಸ್ಸು ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಕೈಯ ಹಿಡಿತ ಇಡೀ ಮೈಯ ಸ್ಥಿತಿಯನ್ನು ತೋರಿಸುವ ಒಂದು ಗುರುತು ಎಂದು ಅರ್ಥ.

ಕೊಹೀರ್‌ನ ತಾಲೀಮು, ಕರಾವಳಿಯ ತಾಲೀಮು

ಪೇರಳೆ ಹಣ್ಣಿಗೆ ಹೆಸರಾದ ಕೊಹೀರ್ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಬೀದರ್‌ನಿಂದ ವಿಕಾರಾಬಾದ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಜಹೀರಾಬಾದ್ ಆದ ಮೇಲೆ 'ಕೊಹೀರ್ ಡೆಕ್ಕನ್' ನಿಲ್ದಾಣ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳು ಮತ್ತು ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಹೋದವು. ಗಡಿ ಸರಿದರೂ ಕನ್ನಡ, ದಖ್ಖನಿ, ತೆಲುಗು ಅಲ್ಲಿ ಈಗಲೂ ಒಟ್ಟಿಗೆ ಕೇಳುತ್ತವೆ. ಇನ್ನೊಂದು ಸ್ವಾರಸ್ಯ: ಬೀದರ್, ಜಹೀರಾಬಾದ್ ಸುತ್ತಲಿನ ಎತ್ತರದ ನೆಲವೂ ಕೆಂಪು ಮುರಕಲ್ಲಿನದು, ನಮ್ಮ ಕರಾವಳಿಯ ಹಾಗೆಯೇ.

ಎರಡೂ ಕಡೆ ಸಾಮಾನ್ಯವಾದ ಮತ್ತೊಂದು ವಿಷಯ 'ತಾಲೀಮು' ಎಂಬ ಪದ. ದಖ್ಖನ್‌ನಲ್ಲಿ ತಾಲೀಮು ಅಂದರೆ ಕುಸ್ತಿ ಕಲಿಯುವ ಗರಡಿ, ಅಲ್ಲಿನ ಕಸರತ್ತು. ನಮ್ಮ ಕರಾವಳಿಯಲ್ಲಿ ತಾಲೀಮು ಅಂದರೆ ಮೆರವಣಿಗೆಯಲ್ಲಿ ಕೋಲು, ಕತ್ತಿ ಬೀಸುವ ಕಸರತ್ತಿನ ಆಟ. ಅರಬಿಯಿಂದ ಬಂದ ಈ ಪದದ ಮೂಲ ಅರ್ಥ ಕಲಿಸುವುದು, ಪಾಠ. ಬಲವನ್ನೂ ಪಾಠದಂತೆ ಹಂತಹಂತವಾಗಿ ಕಲಿಯಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ.

ಈ ತಿಳಿವಳಿಕೆ ಆ ಸೀಮೆಗೆ ಇತ್ತೀಚಿನದಲ್ಲ. ಕೊಹೀರ್‌ನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಬಸವಕಲ್ಯಾಣ ಹಿಂದೆ ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿನ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಜಟ್ಟಿಗಳ ಊಟ, ವ್ಯಾಯಾಮಗಳ ವಿವರ ಇದೆ. ಭಾರ ಎತ್ತುವುದು, ನಡೆಯುವುದು, ಈಜುವುದರ ಜೊತೆ ಕಂಬದ ಮೇಲಿನ ಕಸರತ್ತೂ ಅಲ್ಲಿ ಬರುತ್ತದೆ. ಈಗಿನ ಮಲ್ಲಕಂಬದ ಹಳೆಯ ದಾಖಲೆ ಎಂದು ಅದನ್ನು ಹೇಳುತ್ತಾರೆ. ತನ್ನ ಮೈಯ ಭಾರವನ್ನು ತಾನೇ ಕೈಯಿಂದ ಎಳೆಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ.

ಗರಡಿಗೆ ಹೋಗದವರೂ ಹಿಂದೆ ದಿನಾ ಎಳೆಯುತ್ತಿದ್ದರು. ಬಾವಿಯಿಂದ ನೀರು ಸೇದುವುದು, ತೆಂಗು, ಕಂಗು ಹತ್ತುವುದು, ಹಗ್ಗ ಜಗ್ಗುವುದು, ಮರದ ಕೊಂಬೆಗೆ ನೇತಾಡುವುದು. ಪಂಪು ಬಂತು, ನಲ್ಲಿ ಬಂತು, ಮರ ಹತ್ತಲು ಯಂತ್ರ ಬಂತು. ಕಷ್ಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಕೈ ಮೇಲೆತ್ತಿ ಭಾರ ಎಳೆಯುವ ಕೆಲಸ ನಮ್ಮ ದಿನಚರಿಯಿಂದ ಪೂರ್ತಿ ಹೋಯಿತು. ಮೊಬೈಲ್, ಕಂಪ್ಯೂಟರ್, ಸ್ಟೇರಿಂಗ್ ಎಲ್ಲವೂ ಕೈಯನ್ನು ಎದೆಯ ಮುಂದೆಯೇ ಇಡಿಸುತ್ತವೆ. ಅದಕ್ಕೇ ದಿನವಿಡೀ ದುಡಿಯುವ ಗಟ್ಟಿಮುಟ್ಟಾದ ವ್ಯಕ್ತಿಗೂ ಪುಲ್-ಅಪ್ ಬಾರದಿರಬಹುದು.

ಮೈಯಲ್ಲಿ ಏನು ನಡೆಯುತ್ತದೆ

ಪುಲ್-ಅಪ್ ತೋಳಿನ ಆಟ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಕೆಲಸ ಬೆನ್ನಿನದು. ಕಂಕುಳಿನ ಕೆಳಗಿನಿಂದ ಸೊಂಟದವರೆಗೆ ಹರಡಿದ ಅಗಲವಾದ ಬೆನ್ನಿನ ಸ್ನಾಯು ತೋಳನ್ನು ಕೆಳಕ್ಕೆ ಎಳೆಯುತ್ತದೆ. ಹೆಗಲ ಹಲಗೆಯ ಸುತ್ತಲಿನ ಸ್ನಾಯುಗಳು ಅದಕ್ಕೆ ಬುನಾದಿ. ಮೊಣಕೈ ಮಡಚುವುದು ತೋಳಿನ ಸ್ನಾಯು. ಹಿಡಿತ ಮುಂಗೈಯದು. ಹೊಟ್ಟೆಯ ಸ್ನಾಯು ಸಡಿಲವಾದರೆ ಕಾಲು ತೂಗಾಡಿ ಬಲ ಪೋಲಾಗುತ್ತದೆ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಸ್ನಾಯು ಕುಗ್ಗುತ್ತಾ ಎತ್ತಬಲ್ಲ ಭಾರಕ್ಕಿಂತ ಹೆಚ್ಚು ಭಾರವನ್ನು ಹಿಗ್ಗುತ್ತಾ ತಡೆದು ಇಳಿಸಬಲ್ಲದು. ತುಂಬಿದ ಕೊಡಪಾನವನ್ನು ಬಾವಿಯಿಂದ ಮೇಲೆಳೆಯಲು ಕಷ್ಟಪಡುವವನೂ ಹಗ್ಗ ಬಿಗಿಹಿಡಿದು ಅದನ್ನು ನಿಧಾನವಾಗಿ ಕೆಳಗೆ ಬಿಡಬಲ್ಲ. ಪುಲ್-ಅಪ್‌ನಲ್ಲೂ ಹಾಗೆಯೇ. ಮೇಲೆ ಹೋಗಲು ಆಗದವರಿಗೆ ಮೇಲಿನಿಂದ ನಿಧಾನವಾಗಿ ಇಳಿಯಲು ಆಗುತ್ತದೆ. ಇಳಿಯುವಾಗ ಕೆಲಸ ಮಾಡುವುದೂ ಅದೇ ಸ್ನಾಯುಗಳು, ಅದೇ ದಾರಿಯಲ್ಲಿ. ಏರಲು ಬೇಕಾದ ಬಲ ಇಳಿಯುತ್ತಲೇ ತಯಾರಾಗುತ್ತದೆ.

ಐದು ಮೆಟ್ಟಿಲುಗಳು

1. ನೇತಾಡುವುದು. ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಕೈ ಇಟ್ಟು, ಹೆಬ್ಬೆರಳನ್ನೂ ಪೈಪಿಗೆ ಸುತ್ತಿ ಹಿಡಿದು ಸುಮ್ಮನೆ ನೇತಾಡಿ. ಮೊದಲ ದಿನ 10 ಸೆಕೆಂಡ್ ಆದರೂ ಸಾಕು. ಪೂರ್ತಿ ಭಾರ ಕಷ್ಟವಾದರೆ ಬೆರಳ ತುದಿಯನ್ನು ನೆಲಕ್ಕೆ ತಾಗಿಸಿಡಿ. 30 ಸೆಕೆಂಡ್ ಮೂರು ಸಲ ಆಗುವವರೆಗೆ ಇದನ್ನು ಬಿಡಬೇಡಿ.

2. ಹೆಗಲು ಎಳೆಯುವುದು. ನೇತಾಡುತ್ತಿರುವಾಗ ಮೊಣಕೈ ಮಡಚದೆ ಭುಜವನ್ನು ಕಿವಿಯಿಂದ ಕೆಳಕ್ಕೆ ಎಳೆಯಿರಿ. ಮೈ ಒಂದೆರಡು ಇಂಚು ಮೇಲೆ ಬರುತ್ತದೆ, ಅಷ್ಟೆ. ನೋಡಲು ಏನೂ ಇಲ್ಲ ಅನಿಸುತ್ತದೆ. ಆದರೆ ಪುಲ್-ಅಪ್ ಶುರುವಾಗುವುದೇ ಇಲ್ಲಿಂದ. ಇದನ್ನು ಬಿಟ್ಟು ತೋಳಿನಿಂದಲೇ ಎಳೆಯುವವರಿಗೆ ಭುಜ ನೋವು ಬೇಗ ಬರುತ್ತದೆ. 8 ಸಲದಂತೆ 3 ಸುತ್ತು.

3. ಓರೆಯಾಗಿ ಎಳೆಯುವುದು. ಸೊಂಟದೆತ್ತರದ ಗಟ್ಟಿ ಪೈಪಿನ ಕೆಳಗೆ ಮಲಗಿದಂತೆ ಇದ್ದು, ಹಿಮ್ಮಡಿ ನೆಲದಲ್ಲೇ ಇಟ್ಟು, ಎದೆಯನ್ನು ಪೈಪಿಗೆ ತಾಗಿಸಿ. ಮೈ ಹಲಗೆಯ ಹಾಗೆ ನೇರ ಇರಲಿ. ಪೈಪು ಎತ್ತರ ಇದ್ದಷ್ಟು ಸುಲಭ, ತಗ್ಗಿದಷ್ಟು ಕಷ್ಟ. ಪಂಚಾಯತ್ ಮೈದಾನ, ಶಾಲೆಯ ಅಂಗಳದಲ್ಲಿ ಇಂಥ ಪೈಪು ಸಿಗುತ್ತದೆ. 8ರಿಂದ 12 ಸಲ, 3 ಸುತ್ತು.

4. ಇಳಿಯುವುದು. ಇದೇ ಮುಖ್ಯ ಮೆಟ್ಟಿಲು. ಗಟ್ಟಿಯಾದ ಸ್ಟೂಲ್ ಮೇಲೆ ನಿಂತು ಗಲ್ಲ ಪೈಪಿನ ಮೇಲಿರುವಂತೆ ಹಿಡಿದುಕೊಳ್ಳಿ. ಕಾಲು ಬಿಡಿ. ಈಗ ಮನಸ್ಸಿನಲ್ಲಿ ಐದು ಎಣಿಸುತ್ತಾ ಕೈ ಪೂರ್ತಿ ನೇರವಾಗುವವರೆಗೆ ಇಳಿಯಿರಿ. ಪುನಃ ಸ್ಟೂಲ್ ಹತ್ತಿ. ಮೊದಲ ವಾರ ದಿನಕ್ಕೆ 3 ಸಲ ಸಾಕು, ನಂತರ 5, ನಂತರ 3 ಸಲದಂತೆ 3 ಸುತ್ತು. ಧಡಕ್ಕನೆ ಬೀಳುವ ಜಾಗ ಯಾವುದು ಎಂದು ಗಮನಿಸಿ. ನಿಮ್ಮ ಬಲ ಕಡಿಮೆ ಇರುವುದು ಅಲ್ಲೇ. ಆ ಜಾಗದಲ್ಲಿ ಎರಡು ಸೆಕೆಂಡ್ ನಿಲ್ಲಲು ಕಲಿಯಿರಿ.

5. ಸಹಾಯದೊಂದಿಗೆ ಏರುವುದು. ಒಂದು ಕಾಲನ್ನು ಸ್ಟೂಲ್ ಮೇಲೆ ಇಟ್ಟು, ಬೇಕಾದಷ್ಟು ಮಾತ್ರ ಒತ್ತಿ ಮೇಲೆ ಬನ್ನಿ. ಗೆಳೆಯರಿದ್ದರೆ ಬೆನ್ನಿಗೆ ಕೈ ಕೊಡಲಿ. ರಬ್ಬರ್ ಬ್ಯಾಂಡ್ ಕೂಡ ಆದೀತು, ಆದರೆ ಅದು ಕೆಳಗಿನ ಭಾಗದಲ್ಲಿ ಹೆಚ್ಚು ಸಹಾಯ ಮಾಡುತ್ತದೆ, ಮೇಲೆ ಬಂದಂತೆ ಕಡಿಮೆ. ಹಾಗಾಗಿ ಬ್ಯಾಂಡ್ ಒಂದನ್ನೇ ನಂಬಬೇಡಿ.

ಅಂಗೈ ನಿಮ್ಮ ಮುಖದ ಕಡೆ ಇರುವಂತೆ ಹಿಡಿದರೆ ಅದು ಚಿನ್-ಅಪ್. ತೋಳಿನ ಸಹಾಯ ಹೆಚ್ಚು ಸಿಗುವುದರಿಂದ ಹೆಚ್ಚಿನವರಿಗೆ ಅದೇ ಮೊದಲು ಬರುತ್ತದೆ. ಅದರಿಂದ ಶುರು ಮಾಡುವುದರಲ್ಲಿ ಅವಮಾನ ಇಲ್ಲ. ಸೇನೆಯ ತಯಾರಿ ಮಾಡುವವರು ಮಾತ್ರ ಅಂಗೈ ಹೊರಗೆ ಇಟ್ಟು ಹಿಡಿಯುವುದನ್ನು ಜೊತೆಜೊತೆಗೆ ರೂಢಿಸಿಕೊಳ್ಳಲಿ.

ಎಷ್ಟು ದಿನ, ಎಷ್ಟು ಹೊತ್ತು

ವಾರಕ್ಕೆ 3 ದಿನ, ದಿನಕ್ಕೆ 20ರಿಂದ 25 ನಿಮಿಷ. ನಡುವೆ ಒಂದೊಂದು ದಿನ ಬಿಡುವು ಕಡ್ಡಾಯ. ಮೊದಲ 3 ವಾರ ಒಂದು, ಎರಡು, ಮೂರನೇ ಮೆಟ್ಟಿಲು. ನಾಲ್ಕನೇ ವಾರದಿಂದ ಇಳಿಯುವುದನ್ನು ಸೇರಿಸಿ. ಎಂಟನೇ ವಾರದಿಂದ ಸಹಾಯದೊಂದಿಗೆ ಏರುವುದು. ಹತ್ತು ಸೆಕೆಂಡ್‌ನ ಇಳಿತ ಮೂರು ಸಲ ಸಲೀಸಾಗಿ ಆಗುತ್ತಿದೆ ಎಂದಾದರೆ ಪೂರ್ತಿ ಪುಲ್-ಅಪ್ ಪ್ರಯತ್ನಿಸುವ ದಿನ ಹತ್ತಿರ ಬಂತು. ಬಿಡುವಿನ ಮರುದಿನ, ಮೈ ಬೆಚ್ಚಗೆ ಮಾಡಿಕೊಂಡು ಪ್ರಯತ್ನಿಸಿ.

ಕೆಲವರಿಗೆ ಎರಡು ತಿಂಗಳು ಸಾಕು, ಕೆಲವರಿಗೆ ಆರು ತಿಂಗಳು ಬೇಕು. ಮೊದಲ ಕೆಲವು ವಾರ ಬಲ ಬೇಗ ಏರುತ್ತದೆ, ಏಕೆಂದರೆ ಇರುವ ಸ್ನಾಯುವನ್ನು ಬಳಸಲು ನರಗಳು ಕಲಿಯುತ್ತವೆ. ಆಮೇಲೆ ವೇಗ ತಗ್ಗುತ್ತದೆ. ಹೆಚ್ಚಿನವರು ಬಿಡುವುದು ಆಗಲೇ. ಒಂದು ಪುಸ್ತಕದಲ್ಲಿ ನೇತಾಡಿದ ಸೆಕೆಂಡ್, ಇಳಿದ ಸೆಕೆಂಡ್ ಬರೆದಿಡಿ. ಪುಲ್-ಅಪ್ ಸಂಖ್ಯೆ ಸೊನ್ನೆಯಲ್ಲೇ ಇದ್ದರೂ 4 ಸೆಕೆಂಡ್‌ನ ಇಳಿತ 7 ಆಗಿರುವುದು ಅಲ್ಲಿ ಕಾಣುತ್ತದೆ.

ಮಹಿಳೆಯರಿಗೆ ಆಗುತ್ತದೆಯೇ?

ಆಗುತ್ತದೆ, ಆದರೆ ಸಮಯ ಹೆಚ್ಚು ಬೇಕು. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದಲ್ಲಿ ಒಂದೂ ಪುಲ್-ಅಪ್ ಬಾರದ 17 ಮಹಿಳೆಯರಿಗೆ ವಾರಕ್ಕೆ 3 ದಿನದಂತೆ 3 ತಿಂಗಳು ತರಬೇತಿ ಕೊಟ್ಟು ನೋಡಿದರು. ಕೊನೆಗೆ ಎಳೆಯಲು ಸಾಧ್ಯವಾದದ್ದು 4 ಮಂದಿಗೆ. ಸೊಂಟದ ಮೇಲಿನ ಭಾಗದ ಬಲ ಮಾತ್ರ ಶೇ. 36 ಹೆಚ್ಚಿತ್ತು. ಈ ಫಲಿತಾಂಶವನ್ನು ಸೋಲು ಎನ್ನಲಾದೀತೇ? ಮಹಿಳೆಯರಲ್ಲಿ ಮೈತೂಕಕ್ಕೆ ಹೋಲಿಸಿದರೆ ಮೇಲ್ಭಾಗದ ಸ್ನಾಯುವಿನ ಪಾಲು ಕಡಿಮೆ. ಹಾಗಾಗಿ ದಾರಿ ಉದ್ದ. ಆದರೆ ನೇತಾಡುವುದು, ಓರೆಯಾಗಿ ಎಳೆಯುವುದು, ಇಳಿಯುವುದು, ಇವಿಷ್ಟರಿಂದಲೇ ಬೆನ್ನು, ಭುಜ, ಮೂಳೆಗೆ ಸಿಗುವ ಲಾಭ ಸಿಕ್ಕೇ ಸಿಗುತ್ತದೆ. ಮೈದಾನಕ್ಕೆ ಹೋಗಲು ಅನುಕೂಲ ಇಲ್ಲದವರು ಮನೆಯೊಳಗೆ, ಟೆರೇಸಿನಲ್ಲಿ ಒಂದು ಪೈಪು ಹಾಕಿಸಿಕೊಂಡರೆ ಮನೆಮಂದಿಗೆಲ್ಲ ಆಯಿತು.

ತೂಕ ಮತ್ತು ಊಟ

ಪುಲ್-ಅಪ್‌ನಲ್ಲಿ ಎತ್ತುವ ಭಾರ ನೀವೇ. 85 ಕೆ.ಜಿ. ಇರುವವರು ನಿಧಾನವಾಗಿ 80ಕ್ಕೆ ಇಳಿದರೆ ಪ್ರತೀ ಸಲ 5 ಕೆ.ಜಿ. ಅಕ್ಕಿಯ ಚೀಲವನ್ನು ಸೊಂಟದಿಂದ ಬಿಚ್ಚಿಟ್ಟಂತೆ. ಆದರೆ ಊಟ ಬಿಟ್ಟು ತೂಕ ಇಳಿಸಿದರೆ ಸ್ನಾಯುವೂ ಕರಗುತ್ತದೆ. ಅನ್ನ, ಪತ್ತಿರ್, ಬಿರಿಯಾನಿಯ ಪಾಲು ಸ್ವಲ್ಪ ಕಡಿಮೆ ಮಾಡಿ ಪ್ರೋಟೀನ್ ಪಾಲು ಹೆಚ್ಚಿಸಿ. ಸ್ನಾಯು ಬೆಳೆಸುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಕಡಲೆ, ಹೆಸರು, ಮೊಸರು ಕೂಡ ಸೇರಿಸಿ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಮತ್ತು ಯುವಕರಿಗೆ ಒಂದು ಮಾತು: ಬೇಗ ಬಲ ಬರುತ್ತದೆ ಎಂದು ಯಾರಾದರೂ ಇಂಜೆಕ್ಷನ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟಿರಾಯ್ಡ್ ಹೃದಯ, ಲಿವರ್ ಎರಡಕ್ಕೂ ಹೊಡೆತ ಕೊಡುತ್ತದೆ.

ಜಾಗ್ರತೆ

ಎಲ್ಲಿ ನೇತಾಡುತ್ತೀರಿ ಎಂಬುದನ್ನು ಮೊದಲು ನೋಡಿ. ಗೆದ್ದಲು ತಿಂದ ದಾರಂದ, ಬಾಗಿಲ ಹಲಗೆಯ ಅಂಚು, ತೆಳು ನೀರಿನ ಪೈಪು, ಗಲ್ಫ್ ರೂಮಿನ ಬಂಕ್ ಬೆಡ್, ಇವು ಯಾವುವೂ ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ. ಪೇರಳೆ ಮರದ ಕೊಂಬೆ ಗಟ್ಟಿ ಎನ್ನುತ್ತಾರೆ, ಆದರೂ ತೋಳಿನಷ್ಟು ದಪ್ಪದ ಹಸಿ ಕೊಂಬೆಯೇ ಆಗಬೇಕು, ಮಳೆಗಾಲದಲ್ಲಿ ಬೇಡ. ಎಲ್ಲಕ್ಕಿಂತ ಒಳ್ಳೆಯದು ಕಾಂಕ್ರೀಟ್‌ನಲ್ಲಿ ನೆಟ್ಟ ಎರಡು ಕಂಬ, ಮೇಲೆ ಬೆರಳುಗಳು ಸುತ್ತುವಷ್ಟು ದಪ್ಪದ ಕಬ್ಬಿಣದ ಪೈಪು. ವೆಲ್ಡಿಂಗ್ ಅಂಗಡಿಯವರಿಗೆ ಇದು ಒಂದು ದಿನದ ಕೆಲಸ. ಕ್ಲಬ್, ಜಮಾಅತ್, ಯುವಕ ಮಂಡಲಗಳು ಊರಿನ ಮೈದಾನದಲ್ಲಿ ಎತ್ತರದ್ದು ಒಂದು, ಸೊಂಟದೆತ್ತರದ್ದು ಒಂದು ಹಾಕಿಸಿದರೆ ಐದೂ ಮೆಟ್ಟಿಲಿಗೆ ವ್ಯವಸ್ಥೆ ಆದಂತೆ.

ಅಭ್ಯಾಸದ ನಂತರ ಎರಡು ಮೂರು ದಿನ ಸ್ನಾಯು ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಮೊಣಕೈ ಒಳಬದಿಯ ನೋವು ಸಹಜವಲ್ಲ. ಬಂದರೆ ನಿಲ್ಲಿಸಿ. ಸ್ನಾಯುವಿಗಿಂತ ಅದರ ತುದಿಯ ನಾರು ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಬಲ ಬಂತೆಂದು ಒಮ್ಮೆಲೇ ಹೆಚ್ಚಿಸಬೇಡಿ. ಇಳಿಯುವ ಕಸರತ್ತನ್ನು ಮೊದಲ ದಿನವೇ ಐವತ್ತು ಸಲ ಮಾಡಿದರೆ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗಿ ತೊಂದರೆ ಆಗಬಹುದು. ಮೈ ಊದಿಕೊಂಡು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಪಿ ಇದ್ದವರು ಉಸಿರು ಬಿಗಿಹಿಡಿದು ಎಳೆಯಬಾರದು. ಎಳೆಯುವಾಗ ಉಸಿರು ಬಿಡಿ, ಇಳಿಯುವಾಗ ತೆಗೆದುಕೊಳ್ಳಿ. ಹೃದಯದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರಕ್ಕೆ ತೊಂದರೆ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವ ಫ್ರೋಝನ್ ಶೋಲ್ಡರ್ ಹೆಚ್ಚು. ಕೈ ಕಿವಿಯ ಪಕ್ಕಕ್ಕೆ ನೇರವಾಗಿ ಏಳದಿದ್ದರೆ ನೇತಾಡುವ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ.

ಒಂದು ಆದ ಮೇಲೆ

ಮೊದಲನೆಯದು ಬಂದ ದಿನ ಅಲ್ಲಿಗೇ ನಿಲ್ಲಿಸಬೇಡಿ, ಅದೇ ದಿನ ಹತ್ತಕ್ಕೂ ಹೋಗಬೇಡಿ. ಒಂದು ಎಳೆದು, ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು. ಹೀಗೆ ದಿನಕ್ಕೆ ಐದು ಒಂಟಿ ಪುಲ್-ಅಪ್ ಆಗುವಾಗ ಎರಡನ್ನು ಒಟ್ಟಿಗೆ ಎಳೆಯುವ ಬಲ ತಾನಾಗಿ ಬರುತ್ತದೆ. ಎರಡರಿಂದ ಮೂರಕ್ಕೆ ಹೋಗುವ ದಾರಿ ಸೊನ್ನೆಯಿಂದ ಒಂದಕ್ಕೆ ಬಂದ ದಾರಿಯಷ್ಟು ಉದ್ದ ಇಲ್ಲ. ಭರ್ತಿಗೆ ಹೋಗುವ ಹುಡುಗರು ಇಲ್ಲಿಂದ ಕನಿಷ್ಠ ನಾಲ್ಕೈದು ತಿಂಗಳು ಕೈಯಲ್ಲಿಟ್ಟುಕೊಳ್ಳಲಿ. ಉಳಿದವರಿಗೆ ಅವಸರ ಏನೂ ಇಲ್ಲ. ಈ ವಾರ ಒಂದು ಗಟ್ಟಿ ಪೈಪು ಹುಡುಕಿ, ಹತ್ತು ಸೆಕೆಂಡ್ ನೇತಾಡಿ, ಪುಸ್ತಕದಲ್ಲಿ ತಾರೀಕು ಬರೆಯಿರಿ.